ಅಡಾಲ್ಫ್ ವೈಸ್: ವಾದ್ಯವೃಂದದ ನಡುವೆ ಕುಳಿತ ಸಂಯೋಜಕ

ಸಂಗೀತಾಸಕ್ತ ಗೆಳೆಯರೇ,

ಅಮೆರಿಕದ ಸಂಯೋಜಕ ಅಡಾಲ್ಫ್ ವೈಸ್ ಅವರ ಪ್ರಸ್ತಾಪ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಆಸ್ಟ್ರಿಯದ ಸಂಯೋಜಕ ಆರ್ನಲ್ಡ್ ಷೋನ್‌ಬರ್ಗ್ ಅವರ ಶಿಷ್ಯ, ಅಮೆರಿಕದ ಪ್ರಯೋಗಶೀಲ ಸಂಯೋಜಕ ಜಾನ್ ಕೇಜ್ ಅವರ ಗುರು. ಎರಡೂ ನಿಜವೇ. ಆದರೆ ಅಷ್ಟಕ್ಕೇ ನಿಂತರೆ ಆ ಮನುಷ್ಯ ನಮಗೆ ದಕ್ಕುವುದಿಲ್ಲ. ಆದ್ದರಿಂದ ಅವರ ವಾದ್ಯದಿಂದ ಆರಂಭಿಸುತ್ತೇನೆ.

ಬಸೂನ್ ಎಂದರೆ ಸುಮಾರು ಎರಡೂವರೆ ಮೀಟರ್ ಉದ್ದದ ಕೊಳವೆ. ಕೈಗೆ ಒಗ್ಗಲೆಂದು ಅದನ್ನು ಎರಡಾಗಿ ಮಡಿಸಿರುತ್ತಾರೆ. ಬಾಯಿಗಿಡುವ ತುದಿಯಲ್ಲಿ ಜೊಂಡಿನ ಎರಡು ತೆಳು ಸೀಳುಗಳನ್ನು ಜೋಡಿಸಿ ಕಟ್ಟಿರುತ್ತದೆ. ನಮ್ಮ ನಾಗಸ್ವರ, ಶಹನಾಯಿಗಳ ನಾದ ಹೊರಡುವುದೂ ಇಂಥ ಜೋಡಿ ನಾಲಿಗೆಯಿಂದಲೇ. ಎಷ್ಟೋ ವಾದಕರು ಅದನ್ನು ತಾವೇ ಹೆರೆದುಕೊಳ್ಳುತ್ತಾರೆ. ಚಾಕು ಕೂದಲೆಳೆಯಷ್ಟು ಹೆಚ್ಚು ಓಡಿದರೆ ಸ್ವರ ಕೆಟ್ಟಂತೆಯೇ. ಬಸೂನ್ ವಾದಕ ಕೂರುವುದು ವಾದ್ಯವೃಂದದ ನಟ್ಟನಡುವೆ: ಮುಂದೆ ತಂತಿವಾದ್ಯಗಳು, ಹಿಂದೆ ಹಿತ್ತಾಳೆ ವಾದ್ಯಗಳು. ಸಂಯೋಜಕನಾಗಬೇಕೆಂಬವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ತೋಚದು.

1891ರಲ್ಲಿ ಬಾಲ್ಟಿಮೋರ್‌ನ ಜರ್ಮನ್ ಮೂಲದ ಮನೆಯೊಂದರಲ್ಲಿ ಹುಟ್ಟಿದ ವೈಸ್, ಹದಿಹರೆಯದಲ್ಲೇ ವೃತ್ತಿಗೆ ಇಳಿದರು. ಗುಸ್ತಾವ್ ಮಾಹ್ಲರ್ ಮುನ್ನಡೆಸುತ್ತಿದ್ದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದಲ್ಲಿ ನುಡಿಸಿದರು, ಮುಂದೆ ಷಿಕಾಗೊದ ವಾದ್ಯವೃಂದದಲ್ಲಿ. 1920ರ ದಶಕದ ನಡುವಿನಲ್ಲಿ, ಮೂವತ್ತು ದಾಟಿದ ಮೇಲೆ, ಯುರೋಪಿಗೆ ಹೋಗಿ ಷೋನ್‌ಬರ್ಗ್ ಎದುರು ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಅಮೆರಿಕದಲ್ಲಿ ಹುಟ್ಟಿದವರಲ್ಲಿ ಆ ಗುರುವಿನ ಮೊದಲ ಶಿಷ್ಯ ಇವರೇ.

ಸ್ಥಾಯಿಯೊಂದರ ಹನ್ನೆರಡು ಸ್ವರಸ್ಥಾನಗಳು ನಮಗೂ ಪರಿಚಿತ. ಆದರೆ ನಮ್ಮಲ್ಲಿ ಆಧಾರ ಷಡ್ಜ ನೆಲೆನಿಂತ ಮೇಲೆಯೇ ಉಳಿದ ಸ್ವರಗಳಿಗೆ ಅರ್ಥ. ಷೋನ್‌ಬರ್ಗ್ ಆ ಆಧಾರವನ್ನೇ ಬಿಟ್ಟು, ಹನ್ನೆರಡಕ್ಕೂ ಸಮಾನ ಸ್ಥಾನ ಕೊಟ್ಟು, ಅವುಗಳನ್ನು ಒಂದು ಸಾಲಿನಲ್ಲಿ ಪೋಣಿಸಿದರು. ಈ ಕ್ರಮವನ್ನು ಅಮೆರಿಕದಲ್ಲಿ ಮೊದಮೊದಲು ಕೈಗೆತ್ತಿಕೊಂಡವರಲ್ಲಿ ವೈಸ್ ಒಬ್ಬರು. ಹಾಗೆಂದು ಅವರು ಗುರುವಿನ ನೆರಳಾಗಲಿಲ್ಲ. 1928ರ ‘ಅಮೆರಿಕನ್ ಲೈಫ್’ ಕೃತಿಯಲ್ಲಿ ಈ ಹೊಸ ಸಂಗೀತಕ್ಕೆ ಜಾಝ್‌ನ ನಡೆಯನ್ನು ಬೆರೆಸಿದರು. 1931ರಲ್ಲಿ ವಾದ್ಯವೃಂದ ನಿರ್ದೇಶಕ ನಿಕೊಲಸ್ ಸ್ಲೊನಿಮ್‌ಸ್ಕಿ ಅದನ್ನು ಪ್ಯಾರಿಸ್‌ನಲ್ಲಿ ನುಡಿಸಿದರು. ಅದೇ ಕಛೇರಿಯಲ್ಲಿ ಅಮೆರಿಕದ ಮತ್ತೊಬ್ಬ ಸಂಯೋಜಕ ಚಾರ್ಲ್ಸ್ ಐವ್ಸ್ ಅವರ ಕೃತಿಯೂ ಇತ್ತು.

ಇನ್ನು ಕೇಜ್. ಷೋನ್‌ಬರ್ಗ್ ಬಳಿಗೆ ಹೋಗುವ ಮುನ್ನ ವೈಸ್ ಅವರಲ್ಲಿ ಕಲಿತು ಬಾ ಎಂದು ಸಂಯೋಜಕ ಹೆನ್ರಿ ಕಾವೆಲ್ ಅವರಿಗೆ ಸಲಹೆ ಕೊಟ್ಟಿದ್ದರು. ನ್ಯೂಯಾರ್ಕ್‌ನಲ್ಲಿ ಆ ಯುವಕ ಹಗಲೆಲ್ಲ ಗೋಡೆ ತೊಳೆಯುವ ಕೆಲಸ ಮಾಡುತ್ತಿದ್ದ. ಸಂಜೆ ವೈಸ್ ದಂಪತಿ ಮತ್ತು ಕಾವೆಲ್ ಜೊತೆ ಇಸ್ಪೀಟಿನ ಬ್ರಿಜ್ ಆಟ. ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸ್ವರ ಬರೆಯುವುದು. ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಮೇಳೈಸುವ ವಿದ್ಯೆ), ಸಂಯೋಜನೆಗಳ ಪಾಠದ ಜೊತೆಗೆ ಮನೆಯ ಮೇಜಿನಲ್ಲೂ ಜಾಗ ಕೊಟ್ಟ ಗುರು ಅವರು. ಈ ಚಿತ್ರ ನನಗೆ ಬಹಳ ಪ್ರಿಯ.

ಮುಂದೆ ವೈಸ್ ಕ್ಯಾಲಿಫೋರ್ನಿಯದಲ್ಲಿ ನೆಲೆಸಿ ಬಸೂನ್ ನುಡಿಸುತ್ತಲೇ ಬಾಳಿದರು; 1971ರಲ್ಲಿ ಅಲ್ಲಿಯೇ ತೀರಿಕೊಂಡರು. 1949ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ತಮ್ಮ ವಾದ್ಯಕ್ಕೆಂದೇ ಒಂದು ಕಾನ್ಚೆರ್ಟೊ, ಅಂದರೆ ಒಂದು ವಾದ್ಯವನ್ನು ಮುಂದಿಟ್ಟು ಉಳಿದವು ಜೊತೆಗೂಡುವ ಕೃತಿ, ಬರೆದರು. ಜೊತೆಗೆ ದೊಡ್ಡ ವಾದ್ಯವೃಂದವಿಲ್ಲ, ನಾಲ್ಕು ತಂತಿವಾದ್ಯಗಳಷ್ಟೇ. ವರ್ಷಗಟ್ಟಲೆ ಎಲ್ಲರ ನಡುವೆ ಕುಳಿತು ನುಡಿದ ಬಸೂನ್, ಇಲ್ಲಿ ಮುಂದೆ ಬಂದು ನಿಂತಿದೆ.