ಸಾವಿನ ಮನೆಯಲ್ಲಿ ಮೊದಲ ಪಂಕ್ತಿ ಯಾರಿಗೆ?

ನಮಸ್ಕಾರ. ಅಮೆರಿಕದ ನಾರ್ತ್ ಕ್ಯಾರೊಲಿನಾದಿಂದ ನಮ್ಮ ವೀಕ್ಷಕರೊಬ್ಬರು ಮೆಸೇಜ್ ಹಾಕಿದ್ದರು. ಗಂಡ ತೀರಿಕೊಂಡು ಮೂರು ವಾರ. ಊಟದ ಟೇಬಲ್ ಮೇಲೆ ಅವರ ಹೆಸರಿಗೆ ಬಂದ ಕ್ರೆಡಿಟ್ ಕಾರ್ಡ್ ಬಿಲ್, ಪಕ್ಕದಲ್ಲೇ ಮಗಳ ಸ್ಕೂಲಿನ ಫೀಸ್ ಚೀಟಿ. "ಅಕ್ಕಾ, ಅವರ ಅಕೌಂಟಿನಲ್ಲಿರೋ ದುಡ್ಡಲ್ಲಿ ಯಾವುದನ್ನ ಮೊದಲು ಕಟ್ಟಲಿ?"

ವಿಲ್, ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವ ಪ್ರೊಬೇಟ್ ಎಲ್ಲ ಬೇಗ ದಾಟೋಣ. ಸತ್ತವರ ಆಸ್ತಿಯಿಂದ ಮೊದಲು ಸಾಲ ತೀರಬೇಕು, ಉಳಿದದ್ದು ವಾರಸುದಾರರಿಗೆ. ಇದು ನಮಗೆಲ್ಲ ಗೊತ್ತು, ಅಲ್ವಾ? ಆದರೆ ಅಮೆರಿಕದ ಇಂಥ ರಾಜ್ಯಗಳಲ್ಲಿ ಅದಕ್ಕೂ ಮುಂಚೆ ಒಂದು ಪಂಕ್ತಿ ಕೂರುತ್ತದೆ. ಅದು ಮನೆಯವರ ಪಂಕ್ತಿ. ಸಾಲ ಕೊಟ್ಟವರು ಎರಡನೇ ಪಂಕ್ತಿಗೆ ಕಾಯಬೇಕು.

ಈ ಯೋಚನೆ ಎಷ್ಟು ಹಳೆಯದು ನೋಡಿ. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ಒಪ್ಪಿದ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದ 7ನೇ ಕಲಮು: ಗಂಡ ಸತ್ತ ಮೇಲೆ ಹೆಂಡತಿ 40 ದಿನ ಅವನ ಮನೆಯಲ್ಲೇ ಇರಬಹುದು. ಅಷ್ಟರೊಳಗೆ ಅವಳ ಪಾಲು ಗೊತ್ತುಮಾಡಿ ಕೊಡಬೇಕು. ಈ 40 ದಿನಕ್ಕೆ ಏನು ಹೆಸರು ಗೊತ್ತಾ? ಕ್ವಾರಂಟೈನ್! ಕೊರೊನಾ ಕಾಲದಲ್ಲಿ ನಮ್ಮ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿದ್ದರಲ್ಲ, ಅದೇ ಪದ. ಮೂಲದಲ್ಲಿ ಅದಕ್ಕೆ ನಲವತ್ತು ಅಂತ ಅರ್ಥ. ಇಂಗ್ಲಿಷಿನಲ್ಲಿ ಅದು ರೋಗ ಹರಡದಂತೆ ಹಡಗನ್ನು ತಡೆದು ನಿಲ್ಲಿಸೋದಕ್ಕಿಂತ ಮುಂಚೆ ವಿಧವೆಯ ಹಕ್ಕಿಗೆ ಬಳಕೆಯಾಗಿತ್ತು. ನಾವು ಹೊರಗೆ ಹೋಗಬೇಡಿ ಅನ್ನೋದಕ್ಕೆ ಬಳಸಿದ ಪದ, ಅವತ್ತು ಅವಳನ್ನು ಹೊರಗೆ ಹಾಕಬೇಡಿ ಅನ್ನುತ್ತಿತ್ತು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ಇವತ್ತಿಗೂ ಉಳಿದ ಗಂಡ ಅಥವಾ ಹೆಂಡತಿ ಒಂದು ವರ್ಷ ಬಾಡಿಗೆ ಇಲ್ಲದೆ ಆ ಮನೆಯಲ್ಲಿ ಇರಬಹುದು.

ಈಗ ನಮ್ಮ ವೀಕ್ಷಕರ ಪ್ರಶ್ನೆಗೆ ಬರೋಣ. ನಾರ್ತ್ ಕ್ಯಾರೊಲಿನಾದಲ್ಲಿ ಮನೆಯವರ ಈ ಮೊದಲ ಪಾಲಿಗೆ 'ಇಯರ್ಸ್ ಅಲೋವೆನ್ಸ್' ಅಂತಾರೆ, ಅಂದರೆ ಒಂದು ವರ್ಷದ ಖರ್ಚು. ಉಳಿದ ಸಂಗಾತಿಗೆ 60,000 ಡಾಲರ್, 18 ತುಂಬದ ಪ್ರತಿ ಮಗುವಿಗೆ 5,000 ಡಾಲರ್. ಬ್ಯಾಂಕಿನ ದುಡ್ಡು, ಕಾರು ಇಂಥದ್ದರಿಂದ ಮಾತ್ರ, ಜಮೀನಿನಿಂದಲ್ಲ. ಆದರೆ ಇದು ತಾನಾಗೇ ಬರುವುದಿಲ್ಲ, ಕೌಂಟಿ ಕೋರ್ಟಿನ ಕ್ಲರ್ಕ್ ಕಚೇರಿಗೆ ಅರ್ಜಿ ಕೊಡಬೇಕು. ಬೇಗ ಕೊಡಿ. ದುಃಖದಲ್ಲಿ ಬಿಲ್ ಕಟ್ಟಿ ಮುಗಿಸಿದ ಮೇಲೆ ಈ ವಿಷಯ ತಿಳಿದರೆ ಎಷ್ಟು ಸಂಕಟ!

ಫ್ಲೋರಿಡಾದಲ್ಲಿ ಇಂಥ ಖರ್ಚಿನ ಮಿತಿ 18,000 ಡಾಲರ್. ಜಾರ್ಜಿಯಾದಲ್ಲಿ ಅರ್ಜಿ ಹಾಕಲು 24 ತಿಂಗಳು ಟೈಮಿದೆ. ಉಳಿದ ರಾಜ್ಯಗಳನ್ನು ಬಿಡುತ್ತಿದ್ದೇನೆ.

ಯಾಕೆಂದರೆ ನಮ್ಮ ಊರಿನ ಮಾತು ಹೇಳಲೇಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಆಸ್ತಿ ಪಡೆದವರು ಸತ್ತವರ ಅವಲಂಬಿತರನ್ನು ಆ ಆಸ್ತಿಯಿಂದ ಸಾಕಬೇಕು. ಆದರೆ 26ನೇ ಸೆಕ್ಷನ್ ಓದಿ: ಸತ್ತವರ ಸಾಲಕ್ಕೇ ಮೊದಲ ಸ್ಥಾನ. ವಿಲ್, ಕೋರ್ಟ್ ಡಿಕ್ರಿ ಅಥವಾ ಒಪ್ಪಂದದಿಂದ ಆಸ್ತಿಯ ಮೇಲೆ ಜೀವನಾಂಶದ ಹೊಣೆ ಹೊರಿಸಿದ್ದರೆ ಮಾತ್ರ ಬೇರೆ ಮಾತು. ಇಲ್ಲಿ ಪಂಕ್ತಿ ತಿರುಗುಮುರುಗು. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ.

ಇದಕ್ಕೆ ಒಂದು ದಾರಿ ಇದೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ, 6ನೇ ಸೆಕ್ಷನ್. ಅದರಡಿ ಗಂಡ ತನ್ನ ಜೀವವಿಮೆಯನ್ನು ಹೆಂಡತಿ ಮಕ್ಕಳ ಹೆಸರಿಗೆ ಬರೆಸಿದರೆ, ಆ ದುಡ್ಡು ಅವರದೇ. ಸಾಲ ಕೊಟ್ಟವರ ಕೈಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಬರೀ ನಾಮಿನಿ ಹಾಕಿದರೆ ಸಾಲದು. ಪಾಲಿಸಿ ಮಾಡಿಸುವ ದಿನವೇ ಏಜೆಂಟ್ ಹತ್ತಿರ ಇದರ ಫಾರಂ ಕೇಳಿ.