ಆನೆಗೊಂದಿಯ ಬಾಳೆಪಟ್ಟೆ ಚೀಲ, ಅದರ ರೇಟಿನ ಜಗಳ

ಈ ವಿಡಿಯೋದಲ್ಲಿ ಮೊದಲು ಕಾಣ್ತಿರೋದು ಬಾಳೆಪಟ್ಟೆ, ಅಂದ್ರೆ ಬಾಳೆಗಿಡದ ಕಾಂಡದ ಪದರ. ಗೊನೆ ಕಡಿದ ಮೇಲೆ ಆ ಗಿಡ ಇನ್ನೊಂದ್ಸಲ ಫಲ ಕೊಡಲ್ಲ, ಕಡಿದು ಹಾಕ್ಲೇಬೇಕು. ಹಾಗೆ ಬಿಟ್ರೆ ತೋಟದಲ್ಲೇ ಕೊಳೆಯುತ್ತೆ. ಇಲ್ಲಿ ಹೆಣ್ಮಕ್ಕಳು ಅದರ ಹೊರಪದರ ಸುಲಿದು, ಒಣಗಿಸಿ, ಸೀಳಿ, ಹುರಿ ಹೊಸೀತಾರೆ. ಆ ಕೈ ಓಡೋದು ನೋಡಿ. ಮಾತಾಡುತ್ತಾ ಆಡುತ್ತಾ, ಕೆಳಗೆ ನೋಡೋದೇ ಇಲ್ಲ.

ನಾವೀಗ ಆನೆಗೊಂದಿಯಲ್ಲಿದ್ದೀವಿ. ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕು. ತುಂಗಭದ್ರಾ ಹೊಳೆಯ ಆ ದಡದಲ್ಲಿ ಹಂಪಿ, ಈ ದಡದಲ್ಲಿ ಈ ಊರು. ಬರೋವರೆಲ್ಲ ಹಂಪಿ ನೋಡಿ ವಾಪಸ್ ಹೋಗ್ತಾರೆ, ಅದೇ ನಂಗೆ ಬೇಜಾರು. 1997ರಲ್ಲಿ ಕಲಾವಿದೆ ಶಮಾ ಪವಾರ್ ಇಲ್ಲಿ ಕಿಷ್ಕಿಂಧಾ ಟ್ರಸ್ಟ್ ಶುರು ಮಾಡಿದ್ರು. ಬಾಳೆನಾರಿನ ಕೆಲಸ, ಹಳೇ ಮನೆಗಳನ್ನ ಉಳಿಸ್ಕೊಂಡು ಹೋಮ್‌ಸ್ಟೇ, ಮಕ್ಕಳಿಗೆ ರಂಗದ ಕಲಿಕೆ, ಎಲ್ಲಾ ಅಲ್ಲಿಂದ ಬೆಳೆದದ್ದು. ಇದರಲ್ಲಿ ನಂಗೆ ಇಷ್ಟ ಆಗಿದ್ದು ಏನಂದ್ರೆ, ಹೊರಗಿಂದ ಯಾವ ದೊಡ್ಡ ಮಷೀನೂ ತರಲಿಲ್ಲ. ಬಾಳೆ ಊರಲ್ಲೇ ಇತ್ತು. ವಿಜಯನಗರದ ಕಾಲದ ಕಾಲುವೆಗಳು ಈ ಸೀಮೆಯಲ್ಲಿ ಇನ್ನೂ ಹರೀತಿವೆ, ಅದಕ್ಕೇ ಬಾಳೆ. ಹುರಿ ಹೊಸೆಯೋ ಕೈಯೂ ಊರಲ್ಲೇ ಇತ್ತು.

ಆಹ್, ಈ ಶಾಟ್. ಹಿಂದೆ ಒಂದು ಗಂಡಸಿನ ದನಿ ಕೇಳ್ತಿದೆಯಲ್ಲ, ಅದರ ಬಗ್ಗೆ ಮಾತಾಡ್ಲೇಬೇಕು. ಮುಖ ತೋರಿಸಲ್ಲ. ಕಾರಲ್ಲಿ ಬಂದ ಒಂದು ಗುಂಪು. ಇದು ಒಂದು ಮನೆಯ ಕಟ್ಟೆ, ಇಲ್ಲಿಯ ಹೆಣ್ಮಕ್ಕಳು ತಾವೇ ಮಾಡಿ ತಾವೇ ಮಾರ್ತಾರೆ. ಹುರಿ ಹೊಸೀತಿದ್ದ ಅಕ್ಕ ಚೀಲಕ್ಕೆ 650 ರೂಪಾಯಿ ಅಂದ್ರು. ಆತ "ಬಾಳೆ ಸಿಪ್ಪೆಗೆ ಆರುನೂರೈವತ್ತಾ?" ಅಂತ ನಕ್ಕು, 250ಕ್ಕೆ ಕೇಳಿದ. ಅಕ್ಕ ಹುರಿ ಹೊಸೆಯೋದು ನಿಲ್ಲಿಸ್ದೇ ಹೇಳಿದ್ರು, "ಸಿಪ್ಪಿಗೆ ರೊಕ್ಕ ಇಲ್ರೀ ಅಣ್ಣಾರ, ಕೈಗೆ ರೊಕ್ಕ." ಆತ 300 ಅಂದ. ಆಮೇಲೆ ಎರಡು ತಗೊಂಡ್ರೆ 500 ಅಂದ. ಕಾಲು ಗಂಟೆ ಹೀಗೇ ನಡೀತು. ಕೊನೆಗೆ ತಗೊಳ್ಳದೇ ಎದ್ದು ಹೋದ್ರು.

ನಂಗೆ ಸಿಟ್ಟು ತಡೆಯೋಕಾಗ್ಲಿಲ್ಲ. ಅವರು ಹೋದ್ಮೇಲೆ ಅಕ್ಕನ ಪಕ್ಕ ಕೂತು ಲೆಕ್ಕ ಹಾಕಿದೆ. ಒಂದು ಚೀಲಕ್ಕೆ ಬೇಕಾಗೋ ಹುರಿಗೇ ಒಂದು ದಿನ. ಹೆಣೆದು, ಒಳಗೆ ಬಟ್ಟೆ ಹೊಲಿದು, ಜಿಪ್ ಹಾಕೋಕೆ ಇನ್ನೊಂದು ದಿನ. ನಮ್ಮ ರಾಜ್ಯದಲ್ಲಿ 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಅಂದ್ರೆ ಎರಡು ದಿನಕ್ಕೆ 740. ಬಟ್ಟೆ, ಜಿಪ್ಪು ಲೆಕ್ಕಕ್ಕೇ ತಗೊಂಡಿಲ್ಲ. ಇನ್ನು ಮಳೆಗಾಲದಲ್ಲಿ ಪಟ್ಟೆ ಒಣಗಲ್ಲ, ಬೂಷ್ಟು ಹಿಡಿಯುತ್ತೆ, ಬಿಸಾಡ್ಬೇಕು. ಆ ನಷ್ಟ ಬೇರೆ. 650 ಜಾಸ್ತಿ ಅಲ್ಲ, ಕಮ್ಮಿ! ನಾನು "ಅಕ್ಕಾ, 900 ಮಾಡಿ" ಅಂದೆ. "ಒಂಬೈನೂರಂದ್ರ ಮುಟ್ಟೂದೂ ಇಲ್ರೀ ಮಂದಿ" ಅಂದ್ರು. ಅದೂ ನಿಜವೇ. ಆದ್ರೂ 900 ಅಂತಲೇ ನಾನು ಹೇಳೋದು. ಅದೇ ಗುಂಪು ಬೆಂಗಳೂರಿನ ಮಾಲ್‌ನಲ್ಲಿ ಸ್ಟಿಕರ್‌ನಲ್ಲಿರೋ ಬೆಲೆಯನ್ನ ತುಟಿ ಬಿಚ್ಚದೇ ಕೊಡುತ್ತೆ.

ಆನ್‌ಲೈನ್‌ನಲ್ಲಿ ಮಾರಿದ್ರೆ ಆಯ್ತಲ್ಲ ಅಂತ ನೀವು ಕೇಳ್ತೀರ. ನಾನೂ ನಿನ್ನೆವರೆಗೆ ಅದನ್ನೇ ಹೇಳ್ತಿದ್ದೆ. ಇಲ್ಲಿ ಕೂತು ನೋಡಿದ್ಮೇಲೆ ಅಷ್ಟು ಸುಲಭ ಅನಿಸ್ತಿಲ್ಲ. ಒಂದೇ ಬಣ್ಣದ ಐನೂರು ಚೀಲ ಬೇಕು ಅಂತ ಆರ್ಡರ್ ಬಂದ್ರೆ? ಪಟ್ಟೆಯ ಬಣ್ಣ ಒಂದರ ಹಾಗೆ ಇನ್ನೊಂದಿಲ್ಲ. ಮನೆಗೆಲಸ, ತೋಟದ ಕೆಲಸ ಮುಗಿಸಿ ಬಂದು ಕೂರೋ ಕೈಗಳಿವು. ಕೊಳ್ಳೋರು ಇಲ್ಲಿಗೇ ಬರ್ಬೇಕು, ಹೊಸೆಯೋದನ್ನ ನೋಡ್ಬೇಕು, ಒಂದು ರಾತ್ರಿ ಉಳೀಬೇಕು. ಆಗ ಚೀಲದ ದುಡ್ಡಿನ ಜೊತೆ ಊಟದ ದುಡ್ಡು, ರೂಮಿನ ದುಡ್ಡು ಎಲ್ಲಾ ಊರಲ್ಲೇ ಉಳಿಯುತ್ತೆ.

ಇದು ಹೊಳೆ. ಇಲ್ಲೇ ಆನೆಗೊಂದಿಗೂ ಆ ಕಡೆ ತಳವಾರಘಟ್ಟಕ್ಕೂ ಸೇತುವೆ ಕಟ್ತಿದ್ರು. ಅದೂ ಒಂದು ಕಾರಣವಾಗಿ ಯುನೆಸ್ಕೊ 1999ರಲ್ಲಿ ಹಂಪಿಯನ್ನ ಅಪಾಯದಲ್ಲಿರೋ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಹಾಕಿತ್ತು, 2006ರಲ್ಲಿ ತೆಗೀತು. 2009ರ ಜನವರಿಯಲ್ಲಿ ಕಟ್ತಿರುವಾಗಲೇ ಸೇತುವೆ ಕುಸಿದು ಕಾರ್ಮಿಕರು ಸತ್ತರು. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಕಾಯಿಲೆ ಬಿದ್ದವರನ್ನ ದಾಟಿಸೋಕೆ ಊರಿಗೆ ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಾರಿಗಳು ಹಳೇ ಕಲ್ಲಿನ ಬಾಗಿಲ ಪಕ್ಕದಲ್ಲೇ ಓಡಾಡೋದು ಬೇಕಿತ್ತಾ? ಬೇಡ. ಆಮೇಲೆ ಕಡೇಬಾಗಿಲು ಅನ್ನೋ ಊರಿನ ಹತ್ತಿರ ಸೇತುವೆ ಆಯ್ತು, ಅದು ಒಳ್ಳೇದಾಯ್ತು. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ಕಥೆ ಗೊತ್ತೇ ಇದೆ: ಅವು ಅಕ್ರಮ, ಕೆಡವಬಹುದು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು, ಮಾರ್ಚ್‌ನಲ್ಲಿ ಜೆಸಿಬಿ. ಅಲ್ಲಿ ಕೆಲಸಕ್ಕಿದ್ದ ಹುಡುಗರು ಆಮೇಲೆ ಏನು ಮಾಡಿದ್ರು ಅಂತ ಯಾರು ಕೇಳಿದ್ರು? ನಿಯಮ ಮೊದಲೇ ಊರವರಿಗೆ ತಿಳಿಸಿ, ಅವರ ಕೈಗೇ ಲೈಸೆನ್ಸ್ ಕೊಟ್ಟು, ಚಿಕ್ಕದಾಗಿ ಶುರು ಮಾಡಿಸಿದ್ರೆ ಕೆಡವೋ ಮಾತೇ ಬರ್ತಿರ್ಲಿಲ್ಲ. ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ...

ಅಯ್ಯೋ, ಬೆಟ್ಟ ಬಂದೇಬಿಡ್ತು. ಹನುಮ ಹುಟ್ಟಿದ ಜಾಗ ಅಂತ ಜನ ನಂಬೋ ಅಂಜನಾದ್ರಿ, 575 ಮೆಟ್ಟಿಲು. ಜನ ನೋಡಿ, ಎಲ್ಲಾ ಕಡೆಯಿಂದ ಬರ್ತಾರೆ. ಹತ್ತಿ, ಇಳಿದು, ಬಸ್ ಹತ್ತಿ ಹೊರಟುಬಿಡ್ತಾರೆ. ಆನೆಗೊಂದಿ ಇಲ್ಲೇ ಪಕ್ಕದಲ್ಲಿದೆ. ಕೆಳಗಿನ ಅಂಗಡಿಗಳಲ್ಲಿ ಬಾಳೆನಾರಿನ ಚೀಲ ಕೇಳಿದೆ, ನಾನು ಕೇಳಿದ ಕಡೆ ಎಲ್ಲೂ ಸಿಗ್ಲಿಲ್ಲ, ಪ್ಲಾಸ್ಟಿಕ್ ಗದೆ ಸಿಕ್ಕಿತು. ಮೆಟ್ಟಿಲು ಶುರುವಾಗೋ ಜಾಗದಲ್ಲೇ ಊರಿನ ಹೆಣ್ಮಕ್ಕಳಿಗೆ ಎರಡು ಮಳಿಗೆ ಬೇಕು, ಬಾಡಿಗೆ ಇಲ್ಲದೇ. ಪಂಚಾಯ್ತಿಯವರು ಯಾರಾದ್ರೂ ಈ ವಿಡಿಯೋ ನೋಡ್ತಿದ್ರೆ ದಯವಿಟ್ಟು ಇದನ್ನ ಸಭೆಯಲ್ಲಿಡಿ. ಕ್ಲಿಪ್ ಮುಗೀತು, ನಾನು ಮೇಲೆ ಹತ್ತೋಕೆ ಹೊರಟೆ.