ಅಪ್‌ಗ್ರೇಡ್ ಮಧ್ಯದಲ್ಲೇ ಕರೆಂಟ್ ಹೋಯಿತು! | ಬದಿಯಡ್ಕದಲ್ಲಿ ಹಳೆ ಲ್ಯಾಪ್‌ಟಾಪ್ ರಿಪೇರಿ

ಹಿಂದೆ ಕೇಳುತ್ತಿರುವುದು ಮಳೆ. ಮೈಕ್ ಹಾಳಾಗಿದೆ ಎಂದು ಕಮೆಂಟ್ ಹಾಕಬೇಡಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ದೊಡ್ಡಮ್ಮನ ಮನೆ, ಆಟಿ ತಿಂಗಳು, ಹಂಚಿನ ಮಾಡು. ಸದ್ದು ಹೀಗೇ ಇರುತ್ತದೆ.

ಲ್ಯಾಪ್‌ಟಾಪ್ ದೊಡ್ಡಮ್ಮನ ಮೊಮ್ಮಗಳದ್ದು. ಹತ್ತನೇ ಕ್ಲಾಸ್, ಕನ್ನಡ ಮೀಡಿಯಂ. ಗಡಿಯಾಚೆ ಪುತ್ತೂರಿನ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ, ಆದರೆ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್, ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್. ಕೇರಳದ ಶಾಲೆಗಳ ಕಂಪ್ಯೂಟರ್ ಕಲಿಕೆ ನೋಡಿಕೊಳ್ಳುವ ಕೈಟ್ ಸಂಸ್ಥೆಯವರು ಉಬುಂಟು ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು. ಮನೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿದ್ದಾರೆ. ಹಾಕಿದ ಮೇಲೆ ಯಾರೂ ಅಪ್‌ಡೇಟ್ ಮಾಡಿಲ್ಲ, ಅದೇ ಕಷ್ಟ.

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದದ್ದು ಕಾಣಿಸಿತಲ್ವಾ? ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಸರಿಯಾಗೇ ಉಂಟು, ಧೈರ್ಯವಾಗಿ ಒತ್ತಿ.

ಸುಡೋ ಆಪ್ಟ್ ಅಪ್‌ಡೇಟ್. ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಮಾಡು ಎಂದು, ಆಪ್ಟ್ ಅಂದರೆ ಸಾಫ್ಟ್‌ವೇರ್ ಇಳಿಸಿ ಹಾಕುವ ಸಾಧನ. ಇದರಿಂದ ಒಂದು ಸಾಫ್ಟ್‌ವೇರೂ ಹೊಸತಾಗುವುದಿಲ್ಲ. ಸರ್ವರಿನಲ್ಲಿ ಏನೇನು ಉಂಟು ಎಂಬ ಪಟ್ಟಿ ಬರುತ್ತದೆ, ಅಷ್ಟೇ. ನಿಜವಾದ ಕೆಲಸ ಅಪ್‌ಗ್ರೇಡಿನದ್ದು. ಎಷ್ಟು ಎಂಬಿ ಇಳಿಯುತ್ತದೆ, ಡಿಸ್ಕಿನಲ್ಲಿ ಎಷ್ಟು ಜಾಗ ಹೋಗುತ್ತದೆ ಎಂದು ಮೊದಲೇ ಹೇಳಿ, ಆಮೇಲೆ ಕೇಳುತ್ತದೆ: ಮುಂದುವರಿಯಲೇ? ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಕೂತವನಿಗೆ ಆ ಒಂದು ಸಾಲು ದೊಡ್ಡ ಉಪಕಾರ. ವೈ ಒತ್ತಿದೆ. ಇಳಿಯಲಿ.

ಈ ಶಾಟ್ ನೋಡಿ. ಡೌನ್‌ಲೋಡ್ ಮುಗಿದಿದೆ. ಪತ್ರ, ಲೆಕ್ಕ ಬರೆಯುವ ಲಿಬ್ರೆ ಆಫೀಸನ್ನು ಬಿಚ್ಚುತ್ತಾ ಇದೆ. ಕೆಳಗೆ ಹಸಿರು ಪಟ್ಟಿ ಅರ್ಧ ದಾಟಿದೆ. ಆಗ ಫಟ್! ಕತ್ತಲೆ.

ಹಲಸಿನ ಕೊಂಬೆ ಲೈನಿನ ಮೇಲೆ ಬಿದ್ದದ್ದಂತೆ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರಿಂದ ಅದನ್ನು ತೆಗೆದಿಟ್ಟಿದ್ದಾರೆ, ಓಡುವುದು ಚಾರ್ಜರಿನಲ್ಲೇ. ಹಾಗಾಗಿ ಒಂದು ಸೆಕೆಂಡಿನ ಅವಕಾಶವೂ ಇಲ್ಲ. ದೊಡ್ಡಮ್ಮ ಒಳಗಿನಿಂದ, "ಹೋಯ್ತಾ?" ಅಂದರು. ಕರೆಂಟಾ ಲ್ಯಾಪ್‌ಟಾಪಾ ಎಂದು ಕೇಳುವ ಮನಸ್ಸಾಗಲಿಲ್ಲ. ಚಾ ಬಂತು, ಪತ್ರೊಡೆ ಬಂತು, ಕರೆಂಟ್ ಬರಲಿಲ್ಲ. ಸಂಜೆಯವರೆಗೆ ಸುಮ್ನೆ ಕೂತದ್ದೇ. ಮೊಮ್ಮಗಳ ಮುಖ ಮಾತ್ರ ನೋಡಲಿಕ್ಕಾಗುತ್ತಿರಲಿಲ್ಲ. ಅವಳ ಪ್ರಾಜೆಕ್ಟ್ ಅದರೊಳಗೆ.

ಕರೆಂಟ್ ಬಂತು. ಆನ್ ಆಯಿತು, ಪುಣ್ಯ. ಮತ್ತೆ ಆಪ್ಟ್ ಓಡಿಸಿದರೆ ಕೆಂಪಕ್ಷರದ ಬೈಗುಳ: ಡಿಪಿಕೆಜಿ (ಆಪ್ಟ್ ಇಳಿಸಿದ್ದನ್ನು ಬಿಚ್ಚಿ ಜೋಡಿಸುವುದು ಇದೇ) ಅರ್ಧದಲ್ಲಿ ನಿಂತಿದೆ. ಆದರೆ ಏನು ಮಾಡಬೇಕು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದಿರುತ್ತದೆ, ಅದು ನನಗೆ ಇಷ್ಟ. ಸುಡೋ ಡಿಪಿಕೆಜಿ, ಎರಡು ಗೆರೆ ಕಾನ್ಫಿಗರ್, ಒಂದು ಗೆರೆ ಎ. ಗೆರೆ ಅಂದರೆ ಹೈಫನ್.

ಅದಕ್ಕೆ ಮೊದಲು ಒಂದು ವಿಷಯ ತೋರಿಸುತ್ತೇನೆ, ಝೂಮ್ ಮಾಡಿದ್ದೇನೆ. ಡಿಪಿಕೆಜಿ, ಗೆರೆ ಎಲ್ ಕೊಟ್ಟರೆ ಪ್ರತಿ ಸಾಲಿನ ಮೊದಲಿಗೆ ಎರಡು ಅಕ್ಷರ. ಎರಡೂ ಸಣ್ಣ ಐ ಇದ್ದರೆ ಎಲ್ಲ ಸರಿ. ಎರಡನೆಯದು ದೊಡ್ಡ ಯು ಆಗಿದ್ದರೆ ಬಿಚ್ಚಿ ಆಗಿದೆ, ಜೋಡಿಸಿ ಆಗಿಲ್ಲ. ಲಿಬ್ರೆ ಆಫೀಸಿನ ಸಾಲುಗಳು ನೋಡಿ, ಬರೀ ಯು. ಅಂದರೆ ಎಲ್ಲಿಗೆ ನಿಂತಿದ್ದೆ ಎಂದು ಅದಕ್ಕೆ ನೆನಪುಂಟು. ಹೊಸ ಫೈಲನ್ನು ನೇರ ಹಳೆಯದರ ಮೇಲೆ ಬರೆಯುವುದೇ ಇಲ್ಲ. ಪಕ್ಕದಲ್ಲಿ ಡಿಪಿಕೆಜಿ-ನ್ಯೂ ಎಂಬ ಬಾಲ ಇಟ್ಟು ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುತ್ತದೆ. ಇಳಿಸಿದ ಫೈಲುಗಳೂ ಆಪ್ಟಿನ ಕ್ಯಾಶ್ ಫೋಲ್ಡರಿನಲ್ಲಿ ಹಾಗೇ ಕೂತಿದ್ದವು. ಡೇಟಾ ಮತ್ತೆ ಖರ್ಚಾಗಲಿಲ್ಲ! ನನಗೆ ಅದೇ ಜಾಸ್ತಿ ಖುಷಿ.

ಈಗ ಆ ಕಾನ್ಫಿಗರ್ ಕಮಾಂಡ್ ಓಡಿಸಿದೆ. ನಡುವೆ ಒಂದು ಪ್ರಶ್ನೆ ಬಂತು. ಸೆಟ್ಟಿಂಗ್ ಫೈಲನ್ನು ಯಾರೋ ತಿದ್ದಿದ್ದಾರೆ, ಹೊಸತು ಹಾಕಲೇ, ಹಳೆಯದೇ ಇರಲೇ? ಸುಮ್ನೆ ಎಂಟರ್ ಒತ್ತಿದರೆ ಹಳೆಯದು ಉಳಿಯುತ್ತದೆ. ಒತ್ತಿದೆ. ಪ್ರಾಜೆಕ್ಟ್ ತೆರೆದು ನೋಡಿ ಆಯಿತು, ಉಂಟು.

ಈಗ ಕನ್ನಡಕ್ಕೆ ಬರುವ. ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್ ಗೆರೆ ಕೆ ಎನ್ ಡಿ ಎ. ಅದೊಂದನ್ನು ಕೇಳಿದರೆ ಗುಬ್ಬಿ, ನವಿಲು ಎರಡೂ ಫಾಂಟ್ ಬರುತ್ತವೆ. ಫಾಂಟ್ ಪರೀಕ್ಷೆಗೆ ಎಲ್ಲರೂ "ನಮಸ್ಕಾರ" ಬರೆಯುತ್ತಾರೆ. ನಮ್ಮ ಊರಿನಲ್ಲಿ ಹಾಗಲ್ಲ, ಕಯ್ಯಾರ ಕಿಞ್ಞಣ್ಣ ರೈ ಎಂದು ಬರೆದು ನೋಡಬೇಕು. ಞ ಅಕ್ಷರಕ್ಕೆ ಞ ಒತ್ತು, ಅಲ್ಲೇ ಎಷ್ಟೋ ಫಾಂಟುಗಳ ಬಣ್ಣ ಬಯಲಾಗುವುದು. ಇಲ್ಲಿ ಚಂದ ಬಂತು. ನೂರು ವರ್ಷ ಬದುಕಿದ ಕವಿ, 1915ರಿಂದ 2015. ಮನೆ ಇಲ್ಲೇ ಪೆರಡಾಲದಲ್ಲಿ, ಒಮ್ಮೆ ಅದರದ್ದೇ ವೀಡಿಯೊ ಮಾಡಬೇಕು... ಅಯ್ಯೋ, ಶಾಟ್ ಮುಗಿಯಿತು, ಮುಂದೆ ಹೋಗುವ.

ಇನ್ನು ಹಾಕಿದ್ದು ಟೆಸೆರಾಕ್ಟ್ ಓಸಿಆರ್, ಜೊತೆಗೆ ಅದರ ಕನ್ನಡ ಪ್ಯಾಕೇಜ್, ಅಂದರೆ ಸಾಫ್ಟ್‌ವೇರಿನ ಕಟ್ಟು. ಹಳೆ ಪ್ರಶ್ನೆಪತ್ರಿಕೆಯ ಫೋಟೋ ಕೊಟ್ಟರೆ ಅಕ್ಷರ ಮಾಡಿ ಕೊಡುತ್ತದೆ. ಒತ್ತಕ್ಷರದಲ್ಲಿ ತಪ್ಪುತ್ತದೆ, ಆದರೂ ಪೂರ್ತಿ ಟೈಪ್ ಮಾಡುವುದಕ್ಕಿಂತ ವಾಸಿ.

ಚಿತ್ರ ಒತ್ತಿ ಇನ್‌ಸ್ಟಾಲ್ ಮಾಡುವ ಆ ಸಾಫ್ಟ್‌ವೇರ್ ಅಂಗಡಿ ನನಗೆ ಆಗುವುದಿಲ್ಲ. ಚಕ್ರ ತಿರುಗುತ್ತದೆ, ಒಳಗೆ ಏನಾಗುತ್ತಿದೆ ಗೊತ್ತಾಗುವುದಿಲ್ಲ. ಕರೆಂಟ್ ಹೋದಾಗ ಅದರಲ್ಲಿ ಇದ್ದಿದ್ದರೆ? ಆದರೆ ಪ್ಯಾಕೇಜಿನ ಹೆಸರೇ ಗೊತ್ತಿಲ್ಲದವರು ಏನು ಟೈಪ್ ಮಾಡಬೇಕು ಮಾರಾಯ್ರೆ? ಮೊಮ್ಮಗಳು ಡ್ರಾಯಿಂಗಿಗೆ ಏನಾದರೂ ಬೇಕು ಅಂದಳು. ಆಪ್ಟ್ ಸರ್ಚ್ ಕೊಟ್ಟೆ, ಪರದೆ ತುಂಬ ಸಾಲು ಸುರಿಯಿತು. ಅವಳು ಅಂಗಡಿ ತೆರೆದು, ಚಿತ್ರ ನೋಡಿ, ಕ್ರಿತಾ ಆರಿಸಿ ಮುಗಿಸಿದಳು. ಸರಿ, ಹುಡುಕಲಿಕ್ಕೆ ಅಂಗಡಿ ಇರಲಿ.

ಕೊನೆಗೆ ಆಟೋರಿಮೂವ್. ಬೇಡದ ಹಳೆ ಕರ್ನಲ್‌ಗಳೆಲ್ಲ (ಕರ್ನಲ್ ಅಂದರೆ ಲಿನಕ್ಸಿನ ತಿರುಳು) ಹೋಗುತ್ತವೆ, ಈಗ ಓಡುವುದನ್ನು ಮುಟ್ಟುವುದಿಲ್ಲ. ಆದರೂ ವೈ ಒತ್ತುವ ಮೊದಲು ಪಟ್ಟಿ ಓದಿ. 2021ರಲ್ಲಿ ಒಬ್ಬ ದೊಡ್ಡ ಯೂಟ್ಯೂಬರ್ ಸ್ಟೀಮ್ ಎಂಬ ಗೇಮ್ ಸಾಫ್ಟ್‌ವೇರ್ ಹಾಕಲು ಹೋದರು. ಆಪ್ಟ್ ಎಚ್ಚರಿಕೆ ಕೊಟ್ಟಿತು. ಅವರು ಅದು ಕೇಳಿದಂತೆ "ಹೌದು, ಹೇಳಿದಷ್ಟು ಮಾಡು" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಅದು ಇಡೀ ಡೆಸ್ಕ್‌ಟಾಪನ್ನೇ ತೆಗೆದು ಹಾಕಿತು.

ನಮ್ಮ ಪಟ್ಟಿಯಲ್ಲಿ ಕರ್ನಲ್ ಬಿಟ್ಟು ಬೇರೆ ಏನೂ ಇಲ್ಲ. ವೈ. ಇದು ಓಡುತ್ತಿರಲಿ, ಬಲ್ಬ್ ಮಿಣುಕುತ್ತಾ ಉಂಟು, ಕ್ಯಾಮೆರಾ ಚಾರ್ಜಿಗೆ ಇಡಬೇಕು. ಈ ಲ್ಯಾಪ್‌ಟಾಪಿಗೆ ಬ್ಯಾಟರಿ ಎಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಗೊತ್ತಿದ್ದವರು ಕೆಳಗೆ ಬರೆಯಿರಿ. ಕಾಸರಗೋಡಿನದ್ದೋ ಮಂಗಳೂರಿನದ್ದೋ, ಯಾವುದಾದರೂ ಸರಿ.